ಕೃಷ್ಣವ್ವ ಹೇಳಿದ ಹೆಸರು

ಕೃಷ್ಣವ್ವ ಓಣಿಗೆ ಬಂದರೆ ಕೂಗುತ್ತಿರಲಿಲ್ಲ. ಯಾರದಾದರೂ ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಏನ್ರವ್ವಾ, ಆರಾಮ ಅದೀರಿ?" ಎಂದರೆ ಸಾಕು, ನೇಸರಗಿಯ ಹೆಂಗಸರು ಸೆರಗಿನ ಮರೆಯಲ್ಲಿ ಚೀಲ ಹಿಡಿದು ಬರುತ್ತಿದ್ದರು. ಚೀಲದಲ್ಲಿರುತ್ತಿದ್ದುದು ರೇಶನ್ ಅಕ್ಕಿ.

ರೊಟ್ಟಿ ತಿನ್ನುವ ಸೀಮೆ ಅದು. ಸರಕಾರದ ಅಕ್ಕಿ ತಿಂಗಳಿಗೊಮ್ಮೆ ಬರುತ್ತದೆ, ತಿನ್ನುವ ಬಾಯಿ ಜೋಳ ಕೇಳುತ್ತದೆ. ಉಳಿದದ್ದನ್ನು ಹುಳ ಬೀಳುವ ಮೊದಲು ಮಾರಿದರೆ ಗಂಡನ ಮುಂದೆ ಕೈಯೊಡ್ಡದೆ ಬಳೆ ಬರುತ್ತದೆ, ಕೂಸಿನ ಕೆಮ್ಮಿಗೆ ಔಷಧ ಬರುತ್ತದೆ. ಮಾರುವುದು ಅಪರಾಧವೆಂದು ಎಲ್ಲರಿಗೂ ಗೊತ್ತಿತ್ತು; ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಕೃಷ್ಣವ್ವನಿಗೂ ಅನ್ನಿಸಿರಲಿಲ್ಲ. ಅವಳ ಗಂಡ ಶಂಕ್ರೆಪ್ಪ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಾಗ, ಅಲ್ಲಿಯ ವ್ಯಾಪಾರಿ ದುಂಡಪ್ಪ ಅವಳ ಕೈಗೊಂದು ತಕ್ಕಡಿ ಕೊಟ್ಟಿದ್ದ. ಅವಳು ಕೂಡಿಸಿಟ್ಟ ಅಕ್ಕಿಯನ್ನು ಅವನ ಟೆಂಪೋ ಒಯ್ಯುತ್ತಿತ್ತು. ಅದೇ ಅಕ್ಕಿ ಮಿಲ್ಲಿನಲ್ಲಿ ಪಾಲಿಶ್ ಆಗಿ, ಹೊಸ ಚೀಲ ತೊಟ್ಟು, ಊರಿನ ಕಿರಾಣಿ ಅಂಗಡಿಗೆ ಮರಳುತ್ತಿತ್ತು. ಬೀಗರು ಬಂದಾಗ ಮಾರಿದವರೇ ಅದನ್ನು ದುಬಾರಿ ಬೆಲೆ ಕೊಟ್ಟು ತರುತ್ತಿದ್ದರು. ಕೃಷ್ಣವ್ವ ಒಮ್ಮೆ ಈ ಮಾತು ತೆಗೆದಾಗ ದುಂಡಪ್ಪ ನಕ್ಕಿದ್ದ. "ಅದೆಲ್ಲಾ ನಿನಗ್ಯಾಕ? ನಿನ್ನ ತಕ್ಕಡಿ ನೀ ನೋಡ್ಕೊ."

ಅವಳ ಸುತ್ತು ಯಾವಾಗಲೂ ಕಾಡವ್ವನ ಮನೆಯಲ್ಲಿ ಮುಗಿಯುತ್ತಿತ್ತು. ಇಬ್ಬರೂ ತೊರಗಲ್ಲಿನ ಕೋಟೆಯ ಬುಡದಲ್ಲಿ ಕೂಡಿ ಆಡಿ ಬೆಳೆದವರು, ಒಂದೇ ಬೇಸಿಗೆಯಲ್ಲಿ ನೇಸರಗಿಗೆ ಸೊಸೆಯರಾಗಿ ಬಂದವರು. ಕಾಡವ್ವನ ಗಂಡ ತೀರಿದ್ದ. ಒಬ್ಬಳೇ ಮಗಳು ರೇಣುವನ್ನು ತೊರಗಲ್ಲಿಗೇ, ಅಣ್ಣನ ಮಗನಿಗೆ ಕೊಟ್ಟಿದ್ದಳು. ಬಡವಳೆಂದು ಸಿಕ್ಕ ಅಂತ್ಯೋದಯ ಕಾರ್ಡಿನಲ್ಲಿ ಒಬ್ಬಳು ತಿಂದು ಮುಗಿಸಲಾರದಷ್ಟು ಅಕ್ಕಿ ಬರುತ್ತಿತ್ತು. ಹಲ್ಲು ಉದುರಿದ ಮೇಲೆ ರೊಟ್ಟಿ ಅಗಿಯಲು ಬಾರದೆ ಆಕೆ ಮೆತ್ತನ್ನ ಅನ್ನದ ಮೇಲೇ ಜೀವ ಹಿಡಿದಿದ್ದಳು. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಗೆಳತಿಯ ತಕ್ಕಡಿಗೆ ಸುರಿಯುತ್ತಿದ್ದಳು.

"ಬಾ ಕೃಷ್ಣಿ, ಕುಂದ್ರು. ತೂಕದಾಗ ಮೋಸ ಮಾಡಿದ್ರ ನಿಮ್ಮವ್ವನ ಮುಂದ ಹೇಳತೇನಿ ನೋಡ," ಎಂದು ಸತ್ತು ಎಷ್ಟೋ ವರ್ಷವಾದ ತಾಯಿಯ ಹೆಸರು ತೆಗೆದು ನಗಿಸುತ್ತಿದ್ದಳು. ಆಮೇಲೆ ಚಹಾ, ಸಂಜೆಯವರೆಗೆ ಮಾತು.

ಶ್ರಾವಣದಲ್ಲಿ ಟೆಂಪೋ ಸಿಕ್ಕಿಬಿತ್ತು. ದುಂಡಪ್ಪನಿಗೆ ಮೊದಲೇ ಸುಳಿವು ಹತ್ತಿರಬೇಕು. ಅವನ ಗೋದಾಮಿನಲ್ಲಿ ಗುಡಿಸಿದ ನೆಲ ಬಿಟ್ಟರೆ ಏನೂ ಇರಲಿಲ್ಲ. ಡ್ರೈವರ್ ಬಾಯಿಬಿಟ್ಟದ್ದು ಕೃಷ್ಣವ್ವನ ಹೆಸರನ್ನು. ಅವಳನ್ನು ಠಾಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು.

"ಅಕ್ಕಿ ಕೊಟ್ಟವರ ಹೆಸರ ಹೇಳವಾ," ಎಂದ ಅಧಿಕಾರಿ. ಗದರಿಸಲಿಲ್ಲ, ದಣಿದಿದ್ದ. "ಯಾರೂ ಕೊಟ್ಟಿಲ್ಲಂದ್ರ ಇಷ್ಟೂ ಅಕ್ಕಿ ನಿಂದ ಅಂತ ಬರೀಬೇಕಾಗತೈತಿ. ಆಮ್ಯಾಲ ಜೇಲು."

ಮನೆಯಲ್ಲಿ ಶಂಕ್ರೆಪ್ಪ ಬಿದ್ದುಕೊಂಡಿದ್ದ. ಹೊರಳಿಸುವವರಿಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೃಷ್ಣವ್ವ ಒಂದೊಂದೇ ಮನೆಯನ್ನು ಕಣ್ಣ ಮುಂದೆ ತಂದುಕೊಂಡಳು. ಈ ಮನೆಯಲ್ಲಿ ಹಸುಗೂಸು. ಆ ಮನೆಯವಳು ಗಂಡನಿಗೆ ಗೊತ್ತಿಲ್ಲದೆ ಮಾರುತ್ತಾಳೆ, ಗೊತ್ತಾದರೆ ಮೈ ಮುರಿಯುವ ಹಾಗೆ ಬಡಿಯುತ್ತಾನೆ. ಮತ್ತೊಂದು ಮನೆಯವರು ಬಾಗಿಲಿಗೆ ಬಂದು ರಾದ್ಧಾಂತ ಮಾಡುತ್ತಾರೆ. ಕಾಡಿ ಒಬ್ಬಳೇ. ಕಾಡಿ ನನ್ನವಳು. ಮುದುಕಿಯೆಂದು ಎರಡು ಮಾತು ಬೈದು ಬಿಟ್ಟುಬಿಡುತ್ತಾರೆ.

"ಕಾಡವ್ವ," ಎಂದಳು.

ಕೃಷ್ಣವ್ವನನ್ನು ಮನೆಗೆ ಕಳಿಸಿದರು; ಕಾಡವ್ವನನ್ನು ಬೈದಷ್ಟಕ್ಕೆ ಬಿಡಲಿಲ್ಲ. ಕಾರ್ಡು ರದ್ದಾಯಿತು.

ಕೃಷ್ಣವ್ವ ಮರುದಿನವೇ ತನ್ನ ಮನೆಯ ಅಕ್ಕಿಯಲ್ಲಿ ಮೆತ್ತಗೆ ಅನ್ನ ಬೇಯಿಸಿ, ಸಾರು ಸುರಿದು, ಮುಚ್ಚಿಕೊಂಡು ಹೋದಳು. ದಾರಿಯುದ್ದಕ್ಕೂ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದಳು. ಹರಿದು ತಿನ್ನಲಿ, ಕೂದಲು ಹಿಡಿದು ಎಳೆಯಲಿ, ಆಮೇಲೆ ಇಬ್ಬರೂ ಅತ್ತು ಹಗುರಾಗೋಣ ಎಂದುಕೊಂಡಿದ್ದಳು.

ಕಾಡವ್ವ ಎದ್ದು ನಿಂತಳು. "ಬರ್ರಿ ಕೃಷ್ಣವ್ವಾರ, ಕುಂದರ್ರಿ," ಎಂದಳು.

ಕೃಷ್ಣವ್ವ ಹೊಸ್ತಿಲಲ್ಲೇ ನಿಂತಳು. "ಕಾಡೀ, ಯಾರಿಗೆ ರೀ ಅನ್ನಾಕತ್ತೀ?"

"ತೊಂದ್ರಿ ತಗೊಂಡು ಬಂದೀರಿ. ಅಲ್ಲಿಡ್ರಿ."

ಆಕೆ ಆ ಅನ್ನವನ್ನು ಬೇಡ ಎನ್ನಲಿಲ್ಲ. ಉಂಡಳು, ಪಾತ್ರೆ ತೊಳೆದು ಕೊಟ್ಟಳು. ಮಳೆ ಹೋಗಿ ಚಳಿ ಬಂದರೂ ಕೃಷ್ಣವ್ವ ದಿನಾಲೂ ಹೋದಳು, ಕಾರ್ಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದಳು. ಮಾತಿಗೊಂದು "ರಿ" ಹಾಗೇ ಉಳಿಯಿತು. ಒಮ್ಮೆ ಕಾಲು ಹಿಡಿದಾಗ ಕಾಡವ್ವ ಮೆಲ್ಲಗೆ ಬಿಡಿಸಿಕೊಂಡು, "ಹಂಗೆಲ್ಲಾ ಮಾಡಬಾರದ್ರಿ," ಎಂದಿದ್ದಳು, ಹೊರಗಿನವರಿಗೆ ಹೇಳಿದಂತೆ.

ಇತ್ತ ದುಂಡಪ್ಪನ ವ್ಯಾಪಾರ ಒಂದು ತಿಂಗಳೂ ನಿಲ್ಲಲಿಲ್ಲ. ಅದೇ ಓಣಿಗೆ ಬೇರೆ ಹೆಂಗಸು, ಬೇರೆ ತಕ್ಕಡಿ ಬಂತು. ಕೃಷ್ಣವ್ವ ಕೂಲಿಗೆ ಹೋಗತೊಡಗಿದಳು. ಕಳೆ ತೆಗೆಯುವಾಗ ಹೆಂಗಸರು ಅವಳಿಂದ ಒಂದು ಸಾಲು ಬಿಟ್ಟು ಕೂರುತ್ತಿದ್ದರು. ಅವರ ಹೆಸರನ್ನು ಅವಳು ಹೇಳಿರಲಿಲ್ಲ. ಆದರೆ ಹೇಳಬಲ್ಲಳು ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ರೇಣು ಬಂದು ತಾಯಿಯನ್ನು ತೊರಗಲ್ಲಿಗೆ ಕರೆದುಕೊಂಡು ಹೋದಳು. ಕೃಷ್ಣವ್ವ ಅನ್ನ ಹಿಡಿದು ಹೋದಾಗ ಬಾಗಿಲಿಗೆ ಕೀಲಿ ಬಿದ್ದಿತ್ತು. ಶಿವರಾತ್ರಿಯ ಹೊತ್ತಿಗೆ ಕಾಡವ್ವ ತೀರಿದಳೆಂದು ಯಾರೋ ಹೇಳಿದರು. ಸುದ್ದಿ ತಡವಾಗಿತ್ತು. ಅವಳು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಮಣ್ಣಾಗಿ ವಾರ ಕಳೆದಿತ್ತು.

ರೇಣು ಅವಳನ್ನು ಕಂಡು ಅಪ್ಪಿಕೊಂಡು ಅತ್ತಳು. ಆ ಅಪ್ಪುಗೆಯನ್ನು ಕೃಷ್ಣವ್ವನಿಗೆ ತಾಳಲಾಗಲಿಲ್ಲ.

"ರೇಣು, ನಿಮ್ಮವ್ವನ ಹೆಸರ ಹೇಳಿದಾಕಿ ನಾನ. ಕಾರ್ಡ ಹೋಗಿದ್ದು ನನ್ನಿಂದ."

"ಗೊತ್ತೈತಿ ಚಿಗವ್ವ. ಅವ್ವ ಹೇಳಿದ್ಲು." ರೇಣು ಕಣ್ಣೊರೆಸಿಕೊಂಡಳು. "ನಾ ಸಿಟ್ಟಿಗೆದ್ದೆ. ಅವ್ವನ ನನಗ ಬೈದ್ಲು. ಕೃಷ್ಣಿ ಮತ್ಯಾರ ಹೆಸರ ಹೇಳಬೇಕಿತ್ತು, ಎಲ್ಲಾರ ಮನಿಯಾಗೂ ಕೂಸ ಅದಾವ, ನನ್ನ ಹೆಸರ ಬಿಟ್ರ ಅಕಿಗೆ ಯಾರದ ಮ್ಯಾಲ ಹಕ್ಕೈತಿ ಅಂದ್ಲು."

"ಕೃಷ್ಣಿ ಅಂದ್ಲಾ?"

"ಕೃಷ್ಣಿ ಅಂತಾನ ಅನ್ನತಿದ್ಲು."

"ನನ್ನ ಮುಂದ ಯಾಕ ಅನ್ನಲಿಲ್ಲ?"

ರೇಣು, "ನನಗ ಗೊತ್ತಿಲ್ಲ ಚಿಗವ್ವ," ಎಂದಳು.

ಮಧ್ಯಾಹ್ನ ಕೃಷ್ಣವ್ವ ಒಬ್ಬಳೇ ಹೋಗಿ ಹಸಿ ಮಣ್ಣಿನ ಗುಡ್ಡೆಯ ಪಕ್ಕ ಕುಳಿತಳು. ಮೇಲೆ ಕೋಟೆಯ ಗೋಡೆ ಬಿಸಿಲಿಗೆ ಕಾಯುತ್ತಿತ್ತು. "ಒಮ್ಮೆರ ಬೈಬೇಕಿತ್ತಲ್ಲ ಕಾಡೀ," ಎಂದಳು. "ಒಂದ ಸಲ."

ಬಸ್ಸಿನ ಹೊತ್ತಾಯಿತೆಂದು ಕರೆಯಲು ಬಂದ ರೇಣು ಅವಳನ್ನು ಎಬ್ಬಿಸಲಾರದೆ, ತಾನೂ ಅಲ್ಲೇ ಪಕ್ಕದಲ್ಲಿ ಕುಳಿತುಬಿಟ್ಟಳು.