ಬೀಗರು ಎತ್ತಬಾರದ ಪತ್ರಾವಳಿ

ಸೊಲ್ಲಾಪುರದಿಂದ ಅಕ್ಕಲಕೋಟೆಯ ಬಸ್ಸು ಹತ್ತಿದರೆ ನನಗೆ ಕಿಟಕಿ ಪಕ್ಕದ ಸೀಟು ಬೇಡ. ರಸ್ತೆ ಬದಿಯ ಪತ್ರಾವಳಿ, ನೀರಿನ ಪಾಕೀಟು, ಗುಟ್ಕಾ ಚೀಟಿ ಕಂಡರೆ ಮೈಯೆಲ್ಲ ಉರಿಯುತ್ತದೆ. ಕಣ್ಣು ಮುಚ್ಚಿದರೂ ಸಮಾಧಾನವಿಲ್ಲ.

ಆ ರಸ್ತೆಗೆ ಹೊಂದಿಕೊಂಡೇ ನನ್ನ ತವರಿನ ಹೊಲ. ನನ್ನನ್ನು ಕೊಟ್ಟದ್ದು ಸೊಲ್ಲಾಪುರದ ಟವೆಲ್ ವ್ಯಾಪಾರಿಗಳ ಮನೆಗೆ. ಅಕ್ಕಲಕೋಟೆಗೆ ನಡೆದು ಹೋಗುವ ಭಕ್ತರಿಗಾಗಿ ಮಾವನವರು ವರ್ಷಕ್ಕೊಮ್ಮೆ ಅವ್ವನ ಹೊಲದ ಬೇವಿನ ಗಿಡದ ಕೆಳಗೆ ಮಂಡಪ ಹಾಕಿಸಿ ಶಿರಾ, ಮಸಾಲೆ ಅನ್ನ ಹಂಚುತ್ತಿದ್ದರು. ಉಂಡವರು ಪತ್ರಾವಳಿಯನ್ನು ಕೂತಲ್ಲೇ ಬಿಟ್ಟು ಏಳುವರು. ನಮ್ಮಲ್ಲಿ ಅತಿಥಿ ತಾನು ಉಂಡ ಎಲೆ ಎತ್ತಬಾರದು, ಅದು ಬಡಿಸಿದವರ ಕೆಲಸ. ಬಡಿಸಿದ ಮಾವನವರೋ ಅವ್ವನಿಗೆ ಬೀಗರು! ಹೆಣ್ಣು ಕೊಟ್ಟವರು ಬೀಗರ ಕೈಯಲ್ಲಿ ಎಂಜಲು ಎತ್ತಿಸುತ್ತಾರೆಯೇ?

"ನೀವು ಬಿಡ್ರಿ ಬೀಗರ, ನಾ ಎತ್ತತೀನಿ" ಎಂದು ಅವ್ವ ಅನ್ನುವಳು. ಮಾವನವರು ಟೆಂಪೋ ಹತ್ತುವರು. ಒಬ್ಬಳೇ ಎಷ್ಟು ಎತ್ತಿಯಾಳು? ಅರ್ಧಕ್ಕರ್ಧ ಗಾಳಿಗೆ ಹಾರಿ ಹೊಲ ಸೇರುತ್ತಿತ್ತು. ಯಾವ ಮನೆಯ ಪರ ಮಾತಾಡಲಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಹೆಸರಿಗಷ್ಟೇ ಪತ್ರಾವಳಿ. ಎಲೆ ಯಾವತ್ತೋ ಹೋಗಿ ಮಿಂಚುವ ಪ್ಲಾಸ್ಟಿಕ್ ಬಂದಿತ್ತು. ಹೋದ ವರ್ಷ ಅವ್ವನ ಗಬ್ಬದ ಎಮ್ಮೆ ಶಿರಾದ ವಾಸನೆಗೆ ಅದನ್ನೇ ತಿಂದಿತು. ಹೊಟ್ಟೆ ಉಬ್ಬಿತು, ಮೆಲುಕು ನಿಂತಿತು. ಡಾಕ್ಟರು ಎಮ್ಮೆಯನ್ನು ಉಳಿಸಿಕೊಟ್ಟರು. ಕರು ದಕ್ಕಲಿಲ್ಲ.

ಅವ್ವ ಮಾವನವರಿಗೆ ಫೋನು ಮಾಡಿದಳು. ಬೀಗರೊಡನೆ ಯಾವಾಗಲೂ ಚೇಷ್ಟೆ ಮಾಡುವವಳ ದನಿಯಲ್ಲಿ ಅಂದು ಚೇಷ್ಟೆಯಿರಲಿಲ್ಲ.

"ಬೀಗರ, ನಿಮ್ಮ ಪುಣ್ಯಾ ನಮ್ಮ ಹೊಲದಾಗ ಬಿದ್ದೈತ್ರಿ. ಬಂದು ಒಯ್ರಿ."

ಮಾವನವರು ಫೋನು ಇಟ್ಟು ಅಂಗಡಿಗೆ ಹೊರಟುಬಿಟ್ಟರು. ಇನ್ನು ತವರಿನ ದಾರಿ ಮುಚ್ಚಿತು ಎಂದು ನನಗೆ ಹೆದರಿಕೆ. ನಿಂತಲ್ಲಿ ನಿಲ್ಲಲಾಗದೆ ಒಳಗೆ ಹೊರಗೆ ಸುತ್ತಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಈ ವರ್ಷ ಮತ್ತೆ ಅಲ್ಲೇ ಮಂಡಪ ಎದ್ದಿತು. ಆದರೆ ಮಾವನವರು ಪತ್ರಾವಳಿ ತರಲಿಲ್ಲ. ಊರಿನ ಮನೆಮನೆಗೆ ಹೋಗಿ, ಮದುವೆಯ ಆಹೇರಿನ ಉಡುಗೊರೆಯಾಗಿ ಬಂದು ಅಟ್ಟ ಸೇರಿದ್ದ ಸ್ಟೀಲ್ ತಾಟುಗಳನ್ನು ಕೇಳಿ ತಂದಿದ್ದರು. ಪಕ್ಕದಲ್ಲಿ ತೊಳೆಯಲು ನೀರು ಇಡಿಸಿದ್ದರು. ಭಕ್ತರು ಉಂಡರು, ರೂಢಿಯಂತೆ ತಾಟು ಅಲ್ಲೇ ಬಿಟ್ಟು ಎದ್ದರು. ಮಾವನವರು ಧೋತರ ಎತ್ತಿ ಕಟ್ಟಿ, ಬಾಗಿ, ಮೊದಲ ತಾಟು ಎತ್ತಿದರು.

ಅವ್ವ ಓಡಿ ಬಂದಳು. "ಅಯ್ಯ, ಬ್ಯಾಡ್ರಿ ಬೀಗರ! ಮಂದಿ ಏನಂದಾರು?"

"ಅಕ್ಕಾರ, ಮಂಡಪ ನಮ್ದು. ಇವತ್ತ ನೀವು ಉಣ್ಣಾಕ ಬಂದ ಪಾವಣ್ಯಾರು. ಕೂಡ್ರಿ."

ಹಿರಿಯರೇ ಬಾಗಿದ್ದನ್ನು ಕಂಡು ಭಕ್ತರು ನಾಚಿದರು. ತಂತಮ್ಮ ತಾಟು ಹಿಡಿದು ನೀರಿನ ಕಡೆ ನಡೆದರು. ನನಗೆ ಅಳು ಬಂತು.

ಅವ್ವ ಕೂತಳು, ಆದರೆ ಕೈ ಸುಮ್ಮನಿರಲಿಲ್ಲ. ಸೆರಗು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಗೂಟದ ಹತ್ತಿರ ಒಂಟಿಯಾಗಿ ನಿಂತ ಎಮ್ಮೆಯನ್ನೇ ನೋಡುತ್ತ ನನಗೆ ಮೆಲ್ಲಗೆ ಅಂದಳು:

"ಹೋದ ವರ್ಷ ನಾ ಬೀಗರಿಗೆ 'ನೀವು ಬಿಡ್ರಿ' ಅನಬಾರದಿತ್ತವ್ವಾ."