ಮೊಹರಮ್ಮಿನ ಐದು ಮನೆ

ದೇವಾಪುರದ ಶಾಲೆಯಲ್ಲಿ ಮಾನಪ್ಪ ಏಳು ವರ್ಷ ಗಂಟೆ ಹೊಡೆದ. ಆ ಊರಿನ ಕುರುಬರಲ್ಲಿ ಸರ್ಕಾರಿ ಚಾಕರಿ ಹಿಡಿದವನು ಅವನೊಬ್ಬನೇ. ಚಾಕರಿ ಮಾತ್ರ ಕಾಯಂ ಆಗಿರಲಿಲ್ಲ. ಐವತ್ತಾರರಲ್ಲಿ ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರಿದಾಗ, "ಇನ್ನ ಕಾಯಂ ಆಗ್ತದ ನೋಡು" ಎಂದು ಹೆಂಡತಿ ರೇಣಮ್ಮನಿಗೆ ಹೇಳಿದ. ಹೆಡ್‌ಮಾಸ್ತರರ ಶಿಫಾರಸು ಒಂದು ಬೇಕಿತ್ತು, ಅಷ್ಟೆ.

ಮರುವರ್ಷ ನಂಜನಗೂಡಿನ ಕಡೆಯ ಶ್ರೀಕಂಠಯ್ಯನವರು ಹೆಡ್‌ಮಾಸ್ತರರಾಗಿ ಬಂದರು. ಅದೇ ಮಳೆಗಾಲದಲ್ಲಿ ಮೊಹರಂ ಬಂತು. ಮಗ ವಿಷಮಜ್ವರದಿಂದ ಉಳಿದರೆ ಫಕೀರನಾಗುತ್ತೇನೆಂದು ಮಾನಪ್ಪ ಹರಕೆ ಹೊತ್ತಿದ್ದ; ಮಗ ಉಳಿದಿದ್ದ. ಹಬ್ಬಕ್ಕೆ ಕೂರಿಸಿದ ಅಲಾಯಿ ದೇವರ ಮುಂದೆ, ಅದರ ಸೇವೆ ನೋಡಿಕೊಳ್ಳುವ ಮುಜಾವರ ಮನ್ಸೂರಅಲಿ ಅವನ ಕೊರಳಿಗೆ ಕೆಂಪು ಲಾಡಿ ಕಟ್ಟಿದ. ಫಕೀರನಾದವನು ಐದು ಮನೆ ಬೇಡಬೇಕು. ಬೇಡಿದವನಿಗೆ ಯಾವ ಮನೆಯವರೂ ‘ಇಲ್ಲ’ ಎನ್ನಬಾರದು. ಮೊದಲ ಮನೆಯ ಮಾನ ಸಾಹೇಬರಿಗೇ ಇರಲಿ ಎಂದು ಮಾನಪ್ಪ ಜೋಳಿಗೆ ಹಿಡಿದು ಶ್ರೀಕಂಠಯ್ಯನವರ ಬಾಗಿಲಿಗೆ ಹೋದ.

"ಏನಯ್ಯಾ ಇದು? ಸಂಬಳ ಸಾಲ್ದೆ ಭಿಕ್ಷೆ ಬೇಡ್ತಿದ್ದೀಯಾ?"

"ಹಬ್ಬದ ಫಕೀರ ಆಗೀನ್ರಿ. ಒಂದು ಹಿಡಿ ಹಾಕ್ರಿ."

"ಹಬ್ಬ ಮುಸಲ್ಮಾನರದು, ನೀನು ಕುರುಬ. ಎಂಥಾ ಸೀಮೆಯಪ್ಪಾ ನಿಮ್ಮದು!" ಎಂದು ಬಾಗಿಲು ಹಾಕಿಕೊಂಡರು.

ಹಬ್ಬ ಮುಗಿದ ಮೇಲೆ ಅವರು ಒಂದು ಲಕೋಟೆ ಕೊಟ್ಟು ಟಪಾಲಿಗೆ ಹಾಕಲು ಹೇಳಿದರು. ಮಾನಪ್ಪನಿಗೆ ಓದು ಬರದು. ಶಿಫಾರಸೇ ಇರಬೇಕೆಂದು, ಮಳೆಯಲ್ಲಿ ನೆನೆಯದಂತೆ ಎದೆಗವಚಿಕೊಂಡು ಸುರಪುರಕ್ಕೆ ನಡೆದು ಹಾಕಿ ಬಂದ. ತಿಂಗಳೊಳಗೆ ಉತ್ತರ ಬಂತು. ಸರ್ಕಾರಿ ಸೇವೆಯಲ್ಲಿದ್ದು ಭಿಕ್ಷೆ ಬೇಡಿದ್ದಕ್ಕಾಗಿ ಅವನನ್ನು ತೆಗೆದುಹಾಕಿದ್ದರು.

ಮುಂದಿನ ಮೊಹರಂ ಹೊತ್ತಿಗೆ ಮಾನಪ್ಪ ಕಂಡವರ ಕುರಿ ಕಾಯುತ್ತಿದ್ದ. ಒಂದು ಮುಂಜಾನೆ ಅವನ ಬಾಗಿಲಲ್ಲಿ ಶ್ರೀಕಂಠಯ್ಯನವರು ನಿಂತಿದ್ದರು. ಕಂಕುಳಲ್ಲಿ ಬತ್ತಿಹೋದ ಮಗು, ಅದರ ಕೊರಳಲ್ಲಿ ಕೆಂಪು ಲಾಡಿ. ಡಾಕ್ಟರು ಕೈಬಿಟ್ಟ ಮೇಲೆ, ಮಗುವನ್ನು ಫಕೀರ ಮಾಡುತ್ತೇನೆಂದು ಅವರ ಹೆಂಡತಿ ಹರಕೆ ಹೊತ್ತಿದ್ದರು.

"ಸಾಹೇಬ್ರ, ಸಂಬಳ ಸಾಲವಲ್ದೇನ್ರಿ?" ಎಂದ ಮಾನಪ್ಪ.

ಅವರು ತಲೆ ತಗ್ಗಿಸಿದರು. "ಆಗ ನನಗೆ ಗೊತ್ತಿರಲಿಲ್ಲ ಮಾನಪ್ಪ."

"ಈಗ ಗೊತ್ತಾತಲ್ರಿ. ಮ್ಯಾಲಿನವ್ರಿಗೆ ಹಂಗಂತ ಬರೀರಿ."

"ಬರೆದರೆ ತಪ್ಪು ನನ್ನ ತಲೆಗೆ ಬರುತ್ತೆ. ಅಲ್ಲದೆ, ಆ ಜಾಗಕ್ಕೆ ಬೇರೆಯವನು ಬಂದಾಯ್ತು."

ಹೇಳಿ, ಜೋಳಿಗೆ ಮುಂದೆ ಹಿಡಿದರು.

ಮಾನಪ್ಪ ಹೆಂಡತಿಯ ಮುಖ ನೋಡಿದ. ರೇಣಮ್ಮ ಒಳಗೆ ಹೋಗಿ ಗಡಿಗೆ ಬೋರಲು ಹಾಕಿ ತಟ್ಟಿದಳು. ಸಂಜೆಯ ರೊಟ್ಟಿಗೆಂದು ಇದ್ದ ಜೋಳವನ್ನೆಲ್ಲ ತಂದು ಜೋಳಿಗೆಗೆ ಸುರಿದು, ಮಗುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಇನ್ನೆರಡು ಮನೆ" ಎನ್ನುತ್ತ ಶ್ರೀಕಂಠಯ್ಯನವರು ಓಣಿಯಲ್ಲಿ ಮುಂದೆ ಹೋದರು.