ಕೇರಾಫ್ ಸೆಂಟರ್‌ವಿಲ್

ವರ್ಜೀನಿಯಾದ ಸೆಂಟರ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನಾವಿದ್ದದ್ದು ಮೂರು ಜನ: ನಾನು, ನನ್ನ ಗಂಡ, ಮೂರು ವರ್ಷದ ಮಗಳು. ಕಾಗದ ಮಾತ್ರ ಏಳೆಂಟು ಜನರಿಗೆ ಬರುತ್ತಿತ್ತು. ಕನ್ಸಲ್ಟಿಂಗ್ ಕೆಲಸದವರು ಆರು ತಿಂಗಳು ಅಟ್ಲಾಂಟಾ, ನಾಲ್ಕು ತಿಂಗಳು ಶಾರ್ಲೆಟ್ ಅಂತ ಪ್ರಾಜೆಕ್ಟಿನ ಹಿಂದೆ ಓಡುತ್ತಿದ್ದ ಕಾಲ. ಪ್ರತಿ ಸಲ ಬ್ಯಾಂಕಿಗೆ, ಇನ್ಶೂರೆನ್ಸಿಗೆ, ಊರಿಗೆ ಹೊಸ ವಿಳಾಸ ಬರೆಯುತ್ತಾ ಕೂರುವವರು ಯಾರು? ಯಾರಾದರೂ ಸಂಸಾರಸ್ಥರ ಮನೆಯ ವಿಳಾಸ ಕೊಟ್ಟುಬಿಟ್ಟರೆ ಮುಗಿಯಿತು. ಮೈಸೂರಿನಲ್ಲಿ ನಮ್ಮ ತಂದೆಯ ಮನೆಗೂ ಓದಲು ಬಂದ ನೆಂಟರ ಕಾಗದಗಳು ಕೇರಾಫ್ ಅಂತ ಬಂದು ಬೀಳುತ್ತಿದ್ದವು. ಅದರಲ್ಲಿ ತಪ್ಪೇನಿದೆ ಎಂದು ನಮಗಾರಿಗೂ ಅನಿಸಿರಲಿಲ್ಲ. ಇಲ್ಲಿಯ ಫಾರಂಗಳಲ್ಲಿ 'ವಾಸ ಮಾಡುವ ವಿಳಾಸ' ಅಂತ ಕೇಳಿದ ಕಡೆಯೂ ಎಲ್ಲರೂ ನಮ್ಮ ಮನೆಯದನ್ನೇ ತುಂಬುತ್ತಿದ್ದರು.

ಅವರಲ್ಲೊಬ್ಬ ಉಡುಪಿಯ ಕಡೆಯವನು, ಮುಸಲ್ಮಾನ. ನನ್ನ ಗಂಡನಿಗೆ ಬೆಂಗಳೂರಿನ ಆಫೀಸಿನಿಂದ ಸ್ನೇಹಿತ. ಮೂವತ್ತು ದಾಟಿತ್ತು, ಮದುವೆಯಾಗಿತ್ತು, ಹೆಂಡತಿಗೆ ಇನ್ನೂ ವೀಸಾ ಸಿಕ್ಕಿರಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಇಲ್ಲಿಗೆ ಬಂದಾಗ ಮೊದಲ ಎರಡು ತಿಂಗಳು ನಮ್ಮ ಹಾಲಿನಲ್ಲೇ ಹಾಸಿಗೆ ಹಾಸಿಕೊಂಡಿದ್ದ. ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡದ್ದೂ ಆಗಲೇ, ನಮ್ಮ ವಿಳಾಸದಲ್ಲಿ. ನಮ್ಮದು ಸಸ್ಯಾಹಾರದ ಮನೆ. "ಅಕ್ಕ, ಮೀನಿಲ್ಲದೆ ಎರಡು ತಿಂಗಳು ಬದುಕಿದ್ದೇನೆ ಅಂದ್ರೆ ಊರಲ್ಲಿ ಯಾರೂ ನಂಬುದಿಲ್ಲ ಮಾರಾಯ್ರೆ" ಎನ್ನುತ್ತಲೇ ಹುಳಿಗೆ ಮೂರನೇ ಸಲ ತಟ್ಟೆ ಒಡ್ಡುತ್ತಿದ್ದ. "ನಾಚ್ಕೆ ಇಲ್ವಾ ನಿಂಗೆ? ಬೈಕೊಂಡೇ ತಿಂತೀಯಲ್ಲ" ಅಂತ ನಾನೂ ಬಡಿಸುತ್ತಿದ್ದೆ. ಮಗಳು ಅವನನ್ನು ಮಾಮ ಅನ್ನುತ್ತಿದ್ದಳು. ಅವಳಿಗೆ ಊಟ ಮಾಡಿಸುವ ತಾಳ್ಮೆ ನನಗಿಂತ ಅವನಿಗೇ ಹೆಚ್ಚಿತ್ತು.

ಆಮೇಲೆ ಅವನು ಅಟ್ಲಾಂಟಾಕ್ಕೆ ಹೋದ. ಅಲ್ಲಿಂದ ಶಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿ, ರಾಜ್ಯದ ಗಡಿಯಾಚೆಗಿನ ಫೋರ್ಟ್ ಮಿಲ್‌ನಲ್ಲಿ ಇನ್ನಿಬ್ಬರ ಜೊತೆ ಮನೆ ಹಿಡಿದ. ಲೈಸೆನ್ಸಿನ ಮೇಲೆ ಸೆಂಟರ್‌ವಿಲ್ ಹಾಗೇ ಉಳಿಯಿತು. ವಿದೇಶಿಯರು ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾಯಿದೆ ಇತ್ತಂತೆ. ಇತ್ತು ನಿಜ, ಆದರೆ ನಮಗೆ ಗೊತ್ತಿದ್ದವರಲ್ಲಿ ಒಬ್ಬರೂ ಅದನ್ನು ಪಾಲಿಸಿದವರಲ್ಲ, ಯಾರೂ ಕೇಳಿದವರೂ ಅಲ್ಲ. ಎರಡು ಸಾವಿರದ ಒಂದರ ಸೆಪ್ಟೆಂಬರ್ ಆದಮೇಲೆ ಕೇಳತೊಡಗಿದರು.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ಬಡಿದರು. ಕೋಟು ಹಾಕಿದ ಇಬ್ಬರು ಸರ್ಕಾರಿ ಅಧಿಕಾರಿಗಳು. ಗಂಡ ಆಫೀಸಿಗೆ ಹೋಗಿದ್ದರು. ಮಗಳು ಟಿವಿಯಲ್ಲಿ ಕಾರ್ಟೂನ್ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ತಲೆಗೆ ಮೊದಲು ಬಂದದ್ದು ನಮ್ಮ ಗ್ರೀನ್ ಕಾರ್ಡ್ ಅರ್ಜಿ. ಅವರು ಬಹಳ ಮರ್ಯಾದೆಯಾಗಿಯೇ ಮಾತಾಡಿದರು. ಒಂದು ಫೋಟೋ ತೋರಿಸಿದರು. ಅವನೇ. ಇವನು ಇಲ್ಲಿ ವಾಸ ಮಾಡುತ್ತಾನಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜ. ಹಿಂದೆ ಯಾವಾಗಲಾದರೂ ಇದ್ದನಾ? ಅದಕ್ಕೂ ಇಲ್ಲ ಎಂದೆ. ಮತ್ತೆ ಈ ಮನೆಯ ವಿಳಾಸ ಯಾಕೆ ಕೊಟ್ಟಿದ್ದಾನೆ? ಗೊತ್ತಿಲ್ಲ, ಗಂಡನಿಗೆ ಯಾವಾಗಲೋ ಪರಿಚಯವಿದ್ದಿರಬೇಕು ಎಂದೆ.

ಬಾಯಿ ಬೊಂಬಾಯಿ ಅಂತ ತಾಯಿಯಿಂದ ಬೈಸಿಕೊಂಡು ಬೆಳೆದವಳು ನಾನು. ಅವತ್ತು ಬಾಯಿಂದ ಬಂದದ್ದು ಇಷ್ಟೇ. ಮಗಳು ತಿರುಗಿ ನೋಡಿ ಮಾಮ ಅಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಫೋಟೋವನ್ನು ಮತ್ತೊಮ್ಮೆ ನೋಡದೆ ವಾಪಸ್ ಕೊಟ್ಟೆ. ಅವನ ಕಾಗದ ಏನಾದರೂ ಇದೆಯಾ ಎಂದಾಗ, ಫ್ರಿಜ್ಜಿನ ಮೇಲಿನ ಕಟ್ಟಿನಿಂದ ಅವನ ಹೆಸರಿನವನ್ನೆಲ್ಲ ಆರಿಸಿ ಕೊಟ್ಟೆ. ಅದರಲ್ಲಿ ಅವನ ಹೆಂಡತಿ ಬರೆದ ಕಾಗದವೂ ಒಂದಿತ್ತು. ಥ್ಯಾಂಕ್ಸ್ ಹೇಳಿ ಹೊರಟರು.

ಸಂಜೆ ಗಂಡ ಫೋರ್ಟ್ ಮಿಲ್‌ಗೆ ಫೋನ್ ಮಾಡಿದಾಗ ತಿಳಿಯಿತು, ಅವನನ್ನು ಹಿಡಿದುಕೊಂಡು ಹೋಗಿ ಆಗಲೇ ಎರಡು ದಿನವಾಗಿತ್ತು. ಮೂರು ಜನ ಗಂಡಸರು, ಜಾರ್ಜಿಯಾದ್ದೊಂದು ವರ್ಜೀನಿಯಾದ್ದೊಂದು ನಂಬರ್ ಪ್ಲೇಟಿನ ಕಾರು, ಬರುವ ಹೋಗುವ ಸ್ನೇಹಿತರು. ಪಕ್ಕದ ಮನೆಯವರು ಯಾರೋ ದೂರು ಕೊಟ್ಟಿದ್ದರು. ಜೊತೆಗಿದ್ದ ಇಬ್ಬರು ಹಿಂದೂಗಳು. ಅವರನ್ನು ಅರ್ಧ ಗಂಟೆ ಮಾತಾಡಿಸಿ ಬಿಟ್ಟಿದ್ದರು.

"ನೀನು ಹೇಳಿದ್ದು ಸರಿಯಾಗೇ ಇದೆ. ಅವನು ಇಲ್ಲಿಲ್ಲ ತಾನೆ? ಊರ ಉಸಾಬರಿ ನಮಗ್ಯಾಕೆ?" ಎಂದರು ನನ್ನ ಗಂಡ.

"ಎರಡು ತಿಂಗಳು ಇದ್ದನಲ್ಲ?"

"ಅದನ್ನ ಕೇಳಿದ್ರಾ?"

"ಕೇಳಿದ್ರು."

ಅವರು ಎದ್ದುಹೋಗಿ ಮಗಳ ಜೊತೆ ಕಾರ್ಟೂನ್ ನೋಡುತ್ತಾ ಕೂತರು.

ಅವನನ್ನು ಕೆರೊಲಿನಾದ ಒಂದು ಜೈಲಿನಲ್ಲಿಟ್ಟರು. ಭಯೋತ್ಪಾದನೆಯ ತನಿಖೆ ಎಂದರು, ಆದರೆ ಅವನು ಏನು ಮಾಡಿದ ಎಂದು ಯಾರೂ ಹೇಳಲಿಲ್ಲ. ಆರೋಪವಿಲ್ಲ, ಆದ್ದರಿಂದ ವಿಚಾರಣೆಯೂ ಇಲ್ಲ. ಕೈಯಲ್ಲಿ ಕೊಟ್ಟದ್ದು ವಿಳಾಸ ತಿಳಿಸಲಿಲ್ಲ ಎಂಬ ಒಂದೇ ಕಾಗದ. ಅಷ್ಟಕ್ಕೆ ಯಾರನ್ನೂ ತಿಂಗಳುಗಟ್ಟಲೆ ಕೂಡಿಹಾಕುವುದಿಲ್ಲ, ಜಾಮೀನು ಸಿಗುತ್ತದೆ ಎಂದು ಸ್ನೇಹಿತರು ಹುಡುಕಿದ ಲಾಯರಮ್ಮ ಹೇಳಿದ್ದರಂತೆ. ಸಿಗಲಿಲ್ಲ. ಎಂದೂ ಇರದ ಮನೆಯ ವಿಳಾಸವನ್ನು ಮೊದಲಿನಿಂದಲೂ ಬೇಕೆಂತಲೇ ಕೊಟ್ಟಿದ್ದಾನೆ, ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಸರ್ಕಾರದ ವಾದ. ಆ ವಾದಕ್ಕೆ ಆಧಾರ ನನ್ನ ಮಾತು. ಅವನು ನಿಜವಾಗಿ ನಮ್ಮ ಮನೆಯಲ್ಲಿದ್ದಾಗಲೇ ಲೈಸೆನ್ಸ್ ತೆಗೆದುಕೊಂಡ ಎಂದು ಒಬ್ಬರು ಹೇಳಿದ್ದರೆ ಅದು ಬರೀ ಮರೆವಿನ ತಪ್ಪಾಗಿ ಉಳಿಯುತ್ತಿತ್ತು.

ಉಡುಪಿಯಿಂದ ಅವನ ಹೆಂಡತಿ ಫೋನ್ ಮಾಡುತ್ತಿದ್ದಳು. ನಾನು ಅವಳ ಮುಖ ನೋಡಿದವಳಲ್ಲ. "ಕೋರ್ಟಿಗೆ ಯಾವಾಗ ಕರ್ಕೊಂಡು ಹೋಗ್ತಾರೆ ಅಕ್ಕ?" ಎಂದು ಪ್ರತಿ ಸಲ ಅದನ್ನೇ ಕೇಳುತ್ತಿದ್ದಳು. ತಾರೀಖು ಗೊತ್ತಾಗಿಲ್ಲ ಎನ್ನುತ್ತಿದ್ದೆ. ಡಿಸೆಂಬರಿನಲ್ಲಿ ಒಂದು ದಿನ ಅವಳು ಅಳದೆ, ತುಂಬ ನಿಧಾನವಾಗಿ ಕೇಳಿದಳು: "ಕಳ್ಳನಿಗಾದ್ರೂ ಒಂದು ತಾರೀಖು ಅಂತ ಇರ್ತದಲ್ಲ ಅಕ್ಕ?" ಫೋನಿಟ್ಟ ಮೇಲೆ ನನಗೆ ಅಡುಗೆ ಮಾಡಲಾಗಲಿಲ್ಲ. ಆದರೂ ಏನೂ ಮಾಡದೆ ಮತ್ತೊಂದು ತಿಂಗಳು ಕಳೆದೆ. ಹೆದರಿಕೆ ಅಷ್ಟಿತ್ತು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಸಂಕ್ರಾಂತಿಗೆ ಗೈದರ್ಸ್‌ಬರ್ಗ್‌ನ ಸ್ನೇಹಿತರ ಮನೆಯಲ್ಲಿ ಊಟ. ಪೊಂಗಲ್ ಬಡಿಸಿಕೊಳ್ಳುತ್ತಿದ್ದ ಒಬ್ಬರು ಅಂಕಲ್ ಅವನ ವಿಷಯ ತೆಗೆದರು. "ನೋಡಿ, ಬೆಂಕಿ ಇಲ್ದೆ ಹೊಗೆ ಆಡಲ್ಲ. ಸುಮ್ನೆ ಹಿಡ್ಕೊಂಡು ಹೋಗೋಕೆ ಇದೇನು ನಮ್ಮ ದೇಶಾನಾ?" ನನ್ನ ಪಿತ್ತ ನೆತ್ತಿಗೇರಿತು. "ಅಂಕಲ್, ಅವನು ನಮ್ಮ ಮನೇಲಿ ಎರಡು ತಿಂಗಳು ಇದ್ದ. ನನ್ನ ಮಗಳಿಗೆ ತುತ್ತು ಕೊಟ್ಟಿದ್ದಾನೆ. ಹೊಗೆ ಎಲ್ಲಿ ಬಂತು ತೋರಿಸಿ" ಎಂದೆ. ಎಲ್ಲರೂ ತಟ್ಟೆ ನೋಡತೊಡಗಿದರು. ಅಂಕಲ್ ಮಾತ್ರ ನನ್ನ ಮುಖವನ್ನೇ ನೋಡಿದರು. "ಹೌದೇನಮ್ಮ? ಹಾಗಿದ್ರೆ ಇದನ್ನ ಅವರಿಗೆ ಹೋಗಿ ಹೇಳ್ಬಹುದಿತ್ತಲ್ಲ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳಿದ್ದರು.

ಮಾರನೆಯ ದಿನ ಬರೆಯಲು ಕೂತೆ. ನಾಲ್ಕು ದಿನ ಹಿಡಿಯಿತು. ಅವನು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಮ್ಮ ಮನೆಯಲ್ಲಿದ್ದ, ನಮ್ಮ ಕಡೆ ವಿಳಾಸ ಕೊಡುವ ಪದ್ಧತಿ ಏನು, ಇನ್ನೂ ಯಾರ್ಯಾರ ಕಾಗದ ನಮ್ಮಲ್ಲಿಗೆ ಬರುತ್ತದೆ, ಕೊನೆಗೆ ಅವತ್ತು ಬಾಗಿಲಲ್ಲಿ ನಿಂತು ನಾನು ಸುಳ್ಳು ಹೇಳಿದೆ ಎಂಬುದನ್ನೂ ಬರೆದೆ. ಗಂಡ ಓದಿ ಕಾಗದವನ್ನು ಟೇಬಲ್ಲಿನ ಮೇಲಿಟ್ಟರು. "ಗ್ರೀನ್ ಕಾರ್ಡ್ ರಿಜೆಕ್ಟ್ ಆದ್ರೆ ಆಮೇಲೆ ನನ್ನ ಕೇಳ್ಬೇಡ" ಎಂದರು. ಶನಿವಾರ ಅವರೇ ಕಾರಿನ ಕೀ ತೆಗೆದುಕೊಂಡರು. ಲಾಯರಮ್ಮನ ಆಫೀಸಿದ್ದ ಶಾರ್ಲೆಟ್‌ಗೆ ಏಳು ಗಂಟೆ ದಾರಿ.

ಲಾಯರಮ್ಮ ನನಗಿಂತ ಚಿಕ್ಕವರು. ಕಾಗದವನ್ನು ಎರಡು ಸಲ ಓದಿ, ಮಡಚಿ, ನನ್ನ ಕಡೆಗೇ ಸರಿಸಿದರು. ಇದನ್ನು ಕೊಡಲಾಗುವುದಿಲ್ಲ ಎಂದರು.

ನನಗೆ ರೇಗಿತು. ಇಷ್ಟು ದೂರ ಬಂದಿದ್ದೇನೆ, ಸಹಿ ಹಾಕಿದ್ದೇನೆ, ಇನ್ನೇನು ಬೇಕು ಎಂದೆ. ಆಗ ಅವರು ಹೇಳಿದರು. ಹಿಡಿದುಕೊಂಡು ಹೋದ ಮೊದಲ ದಿನವೇ ಅವನನ್ನು ಸೆಂಟರ್‌ವಿಲ್ ಮನೆಯ ಬಗ್ಗೆ ಕೇಳಿದ್ದರಂತೆ. ತಾನು ಅಲ್ಲಿ ಎಂದೂ ಇರಲಿಲ್ಲ, ಆ ಮನೆಯವರು ತನಗೆ ಸರಿಯಾಗಿ ಪರಿಚಯವೂ ಇಲ್ಲ, ಅವರನ್ನು ಕೇಳದೆಯೇ ವಿಳಾಸ ಬಳಸಿದೆ ಎಂದು ಅವನು ಹೇಳಿಕೆ ಕೊಟ್ಟು ಸಹಿ ಹಾಕಿದ್ದ. ನಮ್ಮ ಅರ್ಜಿ ನಡುವಿನಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

"ಇವತ್ತಿಗೂ ಅವನ ಮೇಲೆ ಒಂದೇ ಒಂದು ಅಪರಾಧವಿಲ್ಲ. ನಿಮ್ಮ ಕಾಗದ ಕೊಟ್ಟರೆ ಒಂದು ಹುಟ್ಟುತ್ತದೆ, ಅವನು ಅಧಿಕಾರಿಗಳಿಗೆ ಸುಳ್ಳು ಹೇಳಿದ್ದು. ಆಗ ವಿಚಾರಣೆ ಖಂಡಿತ ನಡೆಯುತ್ತದೆ" ಎಂದರು ಆಕೆ. ನಾನು ಬರುತ್ತೇನೆಂದು ತಿಳಿದು ಅವನೇ ಬೇಡ ಎಂದು ಹೇಳಿ ಕಳಿಸಿದ್ದ.

ಮೇ ತಿಂಗಳಲ್ಲಿ, ಏಳು ತಿಂಗಳ ನಂತರ, ತಾನಾಗಿಯೇ ದೇಶ ಬಿಡುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿ ಅವನು ಊರಿಗೆ ಹೋದ. ತನಿಖೆಯಲ್ಲಿ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಮರುವರ್ಷ ನಮಗೆ ಗ್ರೀನ್ ಕಾರ್ಡ್ ಬಂತು. ಅವನು ಯುಗಾದಿಗೊಮ್ಮೆ ನನ್ನ ಗಂಡನಿಗೆ ಈಮೇಲ್ ಹಾಕುತ್ತಿದ್ದ. ಮಂಗಳೂರಿನ ಯಾವುದೋ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಫೋನ್ ಮಾಡುವ ಮುಖ ನನಗಿರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ನಾವು ಪೌರತ್ವಕ್ಕೆ ಅರ್ಜಿ ಹಾಕಿದೆವು. ಬಂಧನವಾಗದಿದ್ದರೂ ಯಾವುದಾದರೂ ಅಪರಾಧ ಮಾಡಿದ್ದೀರಾ ಎಂದು ಅದರಲ್ಲೊಂದು ಪ್ರಶ್ನೆ. ಇಲ್ಲ ಎಂದು ಗುರುತು ಹಾಕಿದೆ. ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಅದೇ ಮನಸ್ಸಿಗೆ ಹತ್ತಿ, ಆ ವಾರ ಅವನಿಗೆ ಫೋನ್ ಮಾಡಿದೆ. ಎಲ್ಲ ಹೇಳಿ ಕ್ಷಮೆ ಕೇಳಿಬಿಡೋಣ ಎಂದಿದ್ದೆ. ಅವತ್ತು ಬಾಗಿಲಲ್ಲಿ ಅವರು ಕೇಳಿದಾಗ ನಾನು ಏನಂದೆ ಗೊತ್ತಾ ಎಂದು ಶುರು ಮಾಡಿದೆ.

"ಗೊತ್ತುಂಟು ಅಕ್ಕ, ಲಾಯರು ಹೇಳಿದ್ರು" ಎಂದ. ನಗುತ್ತಿದ್ದ. "ನಾನು ಒಳಗೆ ಕೂತು ಅದನ್ನೇ ಯೋಚನೆ ಮಾಡ್ತಾ ಇದ್ದೆ. ಅಕ್ಕ ನನ್ನ ಪರವಾಗಿ ಜಗಳಕ್ಕೆ ನಿಂತ್ರೆ ನಿಮ್ಮ ಸಂಸಾರದ ಗತಿ ಏನು ಅಂತ. ನೀವೂ ಗೊತ್ತಿಲ್ಲ ಅಂದದ್ದೇ ಒಳ್ಳೇದಾಯ್ತು ಮಾರಾಯ್ರೆ. ಇಬ್ರ ಮಾತೂ ಸರಿಹೋಯ್ತು ನೋಡಿ."

ನಾನು ಹೂಂ ಎಂದೆ. ಅವನು ನನ್ನನ್ನು ಉಳಿಸಲು ಸುಳ್ಳು ಹೇಳಿದ್ದ. ನಾನೂ ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲಿಕ್ಕೇ.